ಔಡಲ: ಎಣ್ಣೆ ಉಪಕಾರಿ, ಬೀಜ ವಿಷಕಾರಿ

ಬಳ್ಳಾರಿ ನಗರದ ಬಯಲು ಜಾಗಗಳಲ್ಲಿ, ಸಿರುಗುಪ್ಪದ ಎರೆಹೊಲಗಳ ಬದುಗಳಲ್ಲಿ, ಕುರುಗೋಡಿನ ಹಿತ್ತಿಲುಗಳಲ್ಲಿ ಬಿತ್ತದೆಯೂ ಬೆಳೆದು ನಿಲ್ಲುವ ಗಿಡ ಔಡಲ. ಹರಳು ಎಂದೂ, ಸಂಸ್ಕೃತದಲ್ಲಿ ಏರಂಡ ಎಂದೂ ಇದಕ್ಕೆ ಹೆಸರು. ಇದರ ಎಣ್ಣೆಯನ್ನು ಅರಿಯದ ಮನೆಯಿಲ್ಲ. ಬೀಜದೊಳಗಿನ ವಿಷವನ್ನು ಅರಿತವರು ವಿರಳ. ಆದಕಾರಣ ಈ ಗಿಡದ ಪರಿಚಯವನ್ನು ಭಕ್ತರಿಗೆ ಮಾಡಿಕೊಡಬಯಸುತ್ತೇವೆ.

ಔಡಲದ ತವರು ಆಫ್ರಿಕಾ ಖಂಡದ ಈಶಾನ್ಯ ಭಾಗ. ಪ್ರಾಚೀನ ಕಾಲದಲ್ಲಿಯೇ ಅದು ಭಾರತಕ್ಕೆ ಬಂದು ನೆಲೆಸಿತು. 1753ರಲ್ಲಿ ಸ್ವೀಡನ್ ದೇಶದ ಸಸ್ಯಶಾಸ್ತ್ರಜ್ಞ ಲಿನೀಯಸ್ ಇದಕ್ಕೆ ರಿಸಿನಸ್ ಕಮ್ಯೂನಿಸ್ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ರಿಸಿನಸ್ ಎಂದರೆ ದನಗಳ ಮೈಗೆ ಅಂಟುವ ಉಣ್ಣಿ. ಬೀಜದ ಆಕಾರ ಅದನ್ನೇ ಹೋಲುತ್ತದೆ.

ಗಿಡವು ಸಾಮಾನ್ಯವಾಗಿ 2ರಿಂದ 5 ಮೀಟರ್ ಎತ್ತರ ಬೆಳೆಯುತ್ತದೆ. ಎಲೆಗಳು ಅಂಗೈಯಂತೆ ಅಗಲವಾಗಿದ್ದು, 5ರಿಂದ 11 ಸೀಳುಗಳನ್ನು ಹೊಂದಿರುತ್ತವೆ. ಹೂಗಳಿಗೆ ದಳಗಳಿಲ್ಲ. ಒಂದೇ ಗೊಂಚಲಿನ ಕೆಳಭಾಗದಲ್ಲಿ ಹಳದಿ ಛಾಯೆಯ ಗಂಡುಹೂಗಳೂ ಮೇಲ್ಭಾಗದಲ್ಲಿ ಕೆಂಪು ಎಳೆಗಳುಳ್ಳ ಹೆಣ್ಣುಹೂಗಳೂ ಇರುತ್ತವೆ. ಮುಳ್ಳುಮುಳ್ಳಾದ ಕಾಯಿಯಲ್ಲಿ 3 ಬೀಜಗಳು. ನುಣುಪಾದ, ಚಿತ್ತಾರ ಬಿಡಿಸಿದಂತಿರುವ ಈ ಬೀಜಗಳು ಮಕ್ಕಳ ಕಣ್ಣನ್ನು ಸುಲಭವಾಗಿ ಸೆಳೆಯುತ್ತವೆ. ಅಪಾಯವಿರುವುದು ಇಲ್ಲಿಯೇ.

ಬೀಜದಲ್ಲಿ ರಿಸಿನ್ ಎಂಬ ವಿಷವಿದೆ. ಅದನ್ನು 1888ರಲ್ಲಿ ಸ್ಟಿಲ್‌ಮಾರ್ಕ್ ಎಂಬ ವಿಜ್ಞಾನಿ ಗುರುತಿಸಿದನು. ಬೀಜವನ್ನು ಅಗಿದು ನುಂಗಿದರೆ ಕೆಲವು ಗಂಟೆಗಳ ಬಳಿಕ ಹೊಟ್ಟೆನೋವು, ವಾಂತಿ, ರಕ್ತಭೇದಿ ಕಾಣಿಸಿಕೊಳ್ಳಬಹುದು. ಮೈಯ ನೀರು ಬತ್ತಿ ಪ್ರಾಣಾಪಾಯವೂ ಒದಗಬಹುದು. ಇದಕ್ಕೆ ಪ್ರತ್ಯೇಕವಾದ ಪ್ರತಿವಿಷವಿಲ್ಲ. ಬೇಗನೆ ದೊರೆಯುವ ಆರೈಕೆಯೇ ಆಧಾರ. ಆದ್ದರಿಂದ ಲಕ್ಷಣಗಳಿಗಾಗಿ ಕಾಯದೆ, ಮನೆಯಲ್ಲಿ ವಾಂತಿ ಮಾಡಿಸಲು ಹೋಗದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ತಿಂದು ಉಳಿದ ಬೀಜವನ್ನು ವೈದ್ಯರಿಗೆ ತೋರಿಸಬೇಕು.

ಹಾಗಾದರೆ ಎಣ್ಣೆ ವಿಷವಲ್ಲವೇ? ಅಲ್ಲ. ರಿಸಿನ್ ಎಣ್ಣೆಯಲ್ಲಿ ಕರಗುವುದಿಲ್ಲ. ಅದು ಹಿಂಡಿಯಲ್ಲಿಯೇ ಉಳಿಯುತ್ತದೆ. ಹಿಂಡಿಯನ್ನು ಗೊಬ್ಬರವಾಗಿ ಬಳಸಬಹುದೇ ಹೊರತು ದನಕರುಗಳಿಗೆ ಮೇವಾಗಿ ಹಾಕಬಾರದು. ಎಣ್ಣೆಯಾದರೂ ಬಲವಾದ ಭೇದಿಕಾರಕ; ಗರ್ಭಿಣಿಯರು ಸೇವಿಸಬಾರದು. ಹಸುಗೂಸುಗಳಿಗೆ ಅದನ್ನು ಕುಡಿಸುವ ರೂಢಿಯನ್ನೂ ಬಿಡಬೇಕು. ಎಣ್ಣೆ ನೆತ್ತಿಗೇರಿ ಶ್ವಾಸಕೋಶವನ್ನು ಸೇರಿದರೆ ಕೂಸಿಗೆ ನ್ಯುಮೋನಿಯಾ ಉಂಟಾಗಬಹುದು.

ಹೊಲದ ಔಡಲವನ್ನು ಕಿತ್ತೊಗೆಯಬೇಕೆಂದು ನಾವು ಹೇಳುತ್ತಿಲ್ಲ. ಒಣಗಲು ಹರವಿದ ಬೀಜಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಿರಿ; ಅವು ಆಟದ ಸಾಮಾನಲ್ಲವೆಂದು ಅವರಿಗೆ ತಿಳಿಹೇಳಿರಿ.