ಮೋಟಾರಿನ ತಂಗಾಳಿಯೂ ಮಲೆನಾಡಿನ ತೇವವೂ

ಕುದುರೆಮುಖದಂತಹ ತಂಪು ಸೀಮೆಯಲ್ಲಿ ಮೋಟಾರಿಗೆ ಹವಾನಿಯಂತ್ರಣವೇತಕ್ಕೆಂದು ಬಯಲುಸೀಮೆಯ ವಾಚಕರು ನಕ್ಕಾರು. ಆಷಾಢದ ಮಳೆಯಲ್ಲಿ ಬಜಗೋಳಿಯಿಂದ ಕಳಸದತ್ತ ಘಾಟಿ ಹತ್ತಿದವರು ನಗಲಾರರು. ಒಳಗೆ ಕುಳಿತವರ ಉಸಿರೇ ಮುಂಗಾಜಿನ ಮೇಲೆ ಮಬ್ಬಾಗಿ ಕವಿದು ತಿರುವುಗಳನ್ನು ಮರೆಮಾಡುತ್ತದೆ. ಹವಾನಿಯಂತ್ರಣವು ಗಾಳಿಯನ್ನು ತಣಿಸುವಾಗ ಅದರೊಳಗಿನ ತೇವವನ್ನೂ ಹಿಂಡಿ ತೆಗೆಯುವುದರಿಂದ ಗಾಜು ಬೇಗನೆ ತಿಳಿಯಾಗುತ್ತದೆ. ಈ ಸೀಮೆಯಲ್ಲಿ ಅದು ಭೋಗದ ವಸ್ತುವಲ್ಲ, ದಾರಿ ಕಾಣಿಸುವ ಉಪಕರಣ.

ಅದರ ಜೀವಾಳವೆಂದರೆ ನಳಿಗೆಗಳಲ್ಲಿ ಸುತ್ತುವ ಶೀತಕಾನಿಲ. ದಶಕಗಳ ಕಾಲ ಬಳಕೆಯಲ್ಲಿದ್ದ ಆರ್-12 ಎಂಬ ಅನಿಲವು ಓಜೋನ್ ಪದರವನ್ನು ಕೊರೆಯುವುದೆಂದು ತಿಳಿದ ಮೇಲೆ, 1987ರ ಮಾಂಟ್ರಿಯಲ್ ಒಪ್ಪಂದದಿಂದಾಗಿ ಅದು ಹಿಂದೆ ಸರಿದು ಆರ್-134ಎ ಬಂದಿತು. ಇದು ಓಜೋನನ್ನು ಕೆಡಿಸದು. ಭೂಮಿಯನ್ನು ಕಾಯಿಸುವುದರಲ್ಲಿ ಮಾತ್ರ ಇಂಗಾಲಾಮ್ಲಕ್ಕಿಂತ 1,400 ಪಟ್ಟಿಗೂ ಮಿಗಿಲು. ನಳಿಗೆಯ ಬಾಯಿ ಸಡಿಲಿಸಿ ಅನಿಲವನ್ನು 'ಹುಸ್' ಎಂದು ಬಯಲಿಗೆ ಬಿಡುವುದು ಅದಕ್ಕಾಗಿಯೇ ತಪ್ಪು. ಯಂತ್ರದ ಮೂಲಕ ಸಿಲಿಂಡರಿಗೆ ಹಿಂದಕ್ಕೆ ಎಳೆದುಕೊಳ್ಳಬೇಕು.

ಬಿಚ್ಚುವವನಿಗೂ ಅದು ಅಪಾಯವೇ. ಇಂಜಿನ್ ನಿಂತಿದ್ದರೂ, 25 ಡಿಗ್ರಿಯ ಹಿತವಾದ ಹವೆಯಲ್ಲಿಯೂ, ನಳಿಗೆಯೊಳಗೆ ಹೊರಗಿನ ಆರು ಪಟ್ಟಿಗೂ ಮೀರಿದ ಒತ್ತಡವಿರುತ್ತದೆ. ಚಿಮ್ಮಿದ ದ್ರವವು ಸೊನ್ನೆಗಿಂತ 26 ಡಿಗ್ರಿ ಕೆಳಗೆ ಕುದಿಯುವಂಥದು. ಚರ್ಮವನ್ನು ಕ್ಷಣದಲ್ಲಿ ಹೆಪ್ಪುಗಟ್ಟಿಸೀತು, ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ಕಳೆದೀತು. ಕನ್ನಡಕ, ಕೈಚೀಲಗಳಿಲ್ಲದೆ ಮುಟ್ಟಕೂಡದು. ಗಾಳಿಗಿಂತ ಭಾರವಾದುದರಿಂದ ಅದು ದುರಸ್ತಿಯ ಗುಂಡಿಯಲ್ಲಿ ತಂಗಿ ಉಸಿರು ಕಟ್ಟಿಸಬಲ್ಲುದು. ಬೆಂಕಿ ಸೋಕಿದರೆ ವಿಷವಾಯುವಾಗುತ್ತದೆ. ಅನಿಲವಿರುವ ನಳಿಗೆಗೆ ಬೆಸುಗೆ ಹಾಕುವುದು ಶುದ್ಧ ಅವಿವೇಕ.

ಇನ್ನು ಮಲೆನಾಡಿನದೇ ಆದ ತೊಡಕು, ತೇವ. ಸಂಪೀಡಕದ ಎಣ್ಣೆಯು ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಉಪ್ಪಿನ ಭರಣಿಯಂತೆ ನೀರನ್ನು ಹೀರುತ್ತದೆ. ಒಳಹೊಕ್ಕ ನೀರು ಸಣ್ಣ ಕವಾಟದಲ್ಲಿ ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ. ಅನಿಲದೊಡನೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಬಿಚ್ಚಿದ ಬಾಯಿಗಳಿಗೆ ತಕ್ಷಣವೇ ಬಿರಡೆ ಹಾಕಬೇಕು. ಜೋಡಿಸಿದ ಮೇಲೆ ಪಂಪಿನಿಂದ ನಿರ್ವಾತ ಮಾಡಿದರೆ, ಒತ್ತಡವಿಲ್ಲದ ನೀರು ಕಾಯಿಸದೆಯೇ ಕುದಿದು ಆವಿಯಾಗಿ ಹೊರಬರುತ್ತದೆ. ಚಳಿಯ ದಿನ ಇದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ.

ಇಲ್ಲೊಂದು ಸ್ವಾರಸ್ಯವುಂಟು. ಮಂಗಳೂರಿನ ಕಡಲ ತಡಿಯಲ್ಲಿ ನಿರ್ವಾತದ ಮುಳ್ಳು 29 ಅಂಗುಲದವರೆಗೆ ಇಳಿಯುತ್ತದೆ. ಸಾವಿರ ಮೀಟರ್ ಎತ್ತರದಲ್ಲಿ ಹೊರಗಿನ ಗಾಳಿಯೇ ತೆಳುವಾದುದರಿಂದ, ಪಂಪು ಎಷ್ಟೇ ಒಳ್ಳೆಯದಿರಲಿ, 26½ರ ಆಚೆಗೆ ಹೋಗದು. ಘಟ್ಟದ ಕೆಳಗೆ ಕೆಲಸ ಕಲಿತವನು ಮೂಡಿಗೆರೆಯ ಸುತ್ತಿನಲ್ಲಿ ಇದನ್ನು ಕಂಡು ಎಲ್ಲೋ ಸೋರುತ್ತಿದೆಯೆಂದು ಭ್ರಮಿಸಿ, ಸರಿಯಿರುವ ಸಂದುಗಳನ್ನೇ ಬಿಗಿದು ಮುರಿಯುವ ಸಂಭವವಿದೆ. ಮುಳ್ಳು ಎಷ್ಟಕ್ಕೆ ಇಳಿಯಿತೆಂಬುದಕ್ಕಿಂತ, ಪಂಪು ನಿಲ್ಲಿಸಿದ ಮೇಲೆ ಅದು ಇದ್ದಲ್ಲಿಯೇ ನಿಂತಿತೇ ಎಂಬುದೇ ಮುಖ್ಯ.

ಆಮೇಲೂ ಸಂಶಯವಿದ್ದರೆ ಒಣ ಸಾರಜನಕವನ್ನು ತುಂಬಿ, ಸಂದುಗಳಿಗೆ ಸಾಬೂನಿನ ನೊರೆ ಹಚ್ಚಿ ನೋಡಬಹುದು. ಬೆಸುಗೆಯವರ ಬಳಿಯಿರುವ ಆಮ್ಲಜನಕವನ್ನು ಮಾತ್ರ ಎಂದಿಗೂ ತುಂಬಕೂಡದು. ಎಣ್ಣೆಯೊಡನೆ ಬೆರೆತು ಸಿಡಿದೀತು. ಅಡುಗೆಯ ಅನಿಲವೂ ಸಲ್ಲದು.

ಯಾವ ಅನಿಲ, ಎಷ್ಟು ಗ್ರಾಮು ಎಂಬುದು ಸಾಮಾನ್ಯವಾಗಿ ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿರುತ್ತದೆ. ಹೊಸ ಗಾಡಿಗಳಲ್ಲಿ ಕೆಲವಕ್ಕೆ ಆರ್-1234ವೈಎಫ್ ಎಂಬ, ಅಲ್ಪಸ್ವಲ್ಪ ಉರಿಯಬಲ್ಲ ಬೇರೆಯೇ ಅನಿಲವಿದೆ; ಒಂದರೊಳಗೆ ಇನ್ನೊಂದನ್ನು ಬೆರೆಸುವಂತಿಲ್ಲ. ತುಂಬುವಾಗ ತಕ್ಕಡಿಯಲ್ಲಿ ತೂಗಿಯೇ ತುಂಬಿಸಿರೆಂದು ಯಜಮಾನರು ಹತ್ತಿರ ನಿಂತು ಹೇಳಬೇಕು.