ಅಯಾಚಿತ ಧನದ ವಿನಿಯೋಗ

ಸಂಬಳದ ಹಣದಲ್ಲಿ ನೂರು ರೂಪಾಯಿಯ ವೆಚ್ಚಕ್ಕೂ ಎರಡು ಸಲ ಆಲೋಚಿಸುವ ಗೃಹಸ್ಥನೇ, ಹಿಂಬಾಕಿಯೆಂದೋ ಬೋನಸ್ಸೆಂದೋ ಹತ್ತು ಸಾವಿರ ಒಮ್ಮೆಗೇ ಕೈಸೇರಿದ ದಿನ ಮನೆಮಂದಿಯನ್ನೆಲ್ಲ ಕರೆದುಕೊಂಡು ಜವಳಿ ಅಂಗಡಿಗೆ ಹೊರಡುವುದುಂಟು. ಇದನ್ನು ದುಂದುಗಾರಿಕೆಯೆಂದು ಹಳಿದು ಸುಮ್ಮನಾಗುವುದು ಸುಲಭ. ಆದರೆ ಮನುಷ್ಯನೂ ಅವನೇ, ರೂಪಾಯಿಯೂ ಅದೇ. ನಡತೆ ಮಾತ್ರ ಬೇರೆಯಾಗುವುದೇಕೆಂಬುದು ವಿಚಾರಮಾಡತಕ್ಕ ವಿಷಯವಾಗಿದೆ.

ಶಾಸ್ತ್ರದ ದೃಷ್ಟಿಯಿಂದ ಹೀಗಾಗಕೂಡದು. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಮಿಲ್ಟನ್ ಫ್ರೀಡ್‌ಮನ್ನರು 1957 ರಲ್ಲಿ ಪ್ರತಿಪಾದಿಸಿದ ಪ್ರಕಾರ, ಜನರು ತಮ್ಮ ವೆಚ್ಚವನ್ನು ಬಹುಕಾಲ ನಿಲ್ಲುವ ವರಮಾನವನ್ನು ನೋಡಿ ಗೊತ್ತುಮಾಡಿಕೊಳ್ಳುತ್ತಾರೆಯೇ ಹೊರತು ಆಕಸ್ಮಿಕವಾಗಿ ಬಂದುದನ್ನು ನೋಡಿ ಅಲ್ಲ. ಆದಕಾರಣ ಅಂಥ ಹಣದ ಬಹುಭಾಗವು ಉಳಿತಾಯಕ್ಕೆ ಸೇರಬೇಕು. ಇದನ್ನು ಪರೀಕ್ಷಿಸುವುದಕ್ಕೆ ಎರಡು ಸಂದರ್ಭಗಳು ಒದಗಿದವು. ಎರಡನೆಯ ಮಹಾಯುದ್ಧದಲ್ಲಿ ಸೇವೆಮಾಡಿದ ಅಮೆರಿಕದ ಸೈನಿಕರಿಗೆ ಅವರ ಜೀವವಿಮೆಯ ಲಾಭಾಂಶವನ್ನು ಸರ್ಕಾರವು 1950 ರಲ್ಲಿ ಹಂಚಿತು. ಆ ಹಣದ ಬಹುಭಾಗವು ವೆಚ್ಚವಾಗಿಹೋಯಿತೆಂದು ರೊನಾಲ್ಡ್ ಬಾಡ್ಕಿನ್ 1959 ರಲ್ಲಿ ತೋರಿಸಿದರು. ನಾಟ್ಸಿಗಳ ಕೈಯಲ್ಲಿ ಕಷ್ಟನಷ್ಟಗಳಿಗೆ ಗುರಿಯಾಗಿದ್ದ ಇಸ್ರೇಲಿನ ಕುಟುಂಬಗಳಿಗೆ ಪಶ್ಚಿಮ ಜರ್ಮನಿಯು ಕೊಟ್ಟ ಪರಿಹಾರಧನವನ್ನು ಕುರಿತು ಕ್ರೈನಿನ್ ಎಂಬವರು 1961 ರಲ್ಲಿ ಬರೆದರು. ಅವರಿಗೆ ಕಂಡುದು ಇದಕ್ಕೆ ವಿರುದ್ಧ: ವೆಚ್ಚವಾದದ್ದು ಅಲ್ಪ, ಉಳಿದದ್ದೇ ಹೆಚ್ಚು.

ಈ ತೊಡಕನ್ನು ಬಿಡಿಸಿದವರು ಲ್ಯಾಂಡ್ಸ್‌ಬರ್ಗರ್. ಅವರು 1966 ರಲ್ಲಿ ಅದೇ ಇಸ್ರೇಲಿನ ಕುಟುಂಬಗಳನ್ನು ಬಂದ ಮೊತ್ತದ ಪ್ರಮಾಣಕ್ಕನುಸಾರವಾಗಿ ವಿಂಗಡಿಸಿ ನೋಡಿದರು. ವರ್ಷದ ವರಮಾನದ ಸುಮಾರು ಮೂರನೆಯ ಎರಡು ಭಾಗದಷ್ಟು ಪಡೆದವರು ಅದರಲ್ಲಿ ಕಾಲುಭಾಗವನ್ನೂ ವೆಚ್ಚಮಾಡಿರಲಿಲ್ಲ. ನೂರಕ್ಕೆ ಏಳರಷ್ಟು ಮಾತ್ರ ಪಡೆದವರಾದರೋ, ಬಂದುದರ ಎರಡರಷ್ಟನ್ನು ವೆಚ್ಚಮಾಡಿದ್ದರು! ಯಾತನೆಗೆ ಬದಲಾಗಿ ಬಂದ ಹಣವನ್ನು ಅದೃಷ್ಟವೆಂದು ಕರೆಯಲು ನಾಲಗೆ ಏಳುವುದಿಲ್ಲ, ನಿಜ; ಆದರೆ ಎರಡು ಪಕ್ಷಕ್ಕೂ ಬಂದದ್ದು ಅದೇ ಬಗೆಯ ಹಣವಾದ್ದರಿಂದ ಹೋಲಿಕೆಗೆ ಕುಂದಿಲ್ಲ.

ದೊಡ್ಡ ಮೊತ್ತವು ಕೈಗೆ ಬಂದೊಡನೆ ನಾವು ಅದನ್ನು ಆಸ್ತಿಯೆಂದು ಎಣಿಸುತ್ತೇವೆ, ಚಿಕ್ಕದನ್ನು ಕೈಖರ್ಚೆಂದು. ಎರಡರಷ್ಟು ವೆಚ್ಚವಾಗುವುದು ಹೇಗೆಂದು ಕೇಳಿದರೆ, ನಮಗೆ ತೋರುವ ಕಾರಣವಿದು: ಚಿಕ್ಕ ಹಣವು ಒಂದು ಅಪ್ಪಣೆಯಂತೆ ಬರುತ್ತದೆ. ಸೀರೆಯನ್ನು ಅದರಿಂದಲೇ ಕೊಂಡೆವು, ಮಕ್ಕಳ ಬಟ್ಟೆಯನ್ನೂ ಅದರಿಂದಲೇ, ಹೋಟೆಲಿನ ಊಟವೂ ಅದರಿಂದಲೇ ಎಂದುಕೊಳ್ಳುತ್ತೇವೆ. ಕೂಡಿ ನೋಡುವವರು ಮಾತ್ರ ಯಾರೂ ಇಲ್ಲ. 2017 ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಪಡೆದ ರಿಚರ್ಡ್ ಥೇಲರರು ಮನಸ್ಸಿನೊಳಗಿನ ಈ ಲೆಕ್ಕವನ್ನು ಬಹುಕಾಲ ವಿಮರ್ಶಿಸಿದ್ದಾರೆ. ಅವರ ಅಭಿಪ್ರಾಯದಲ್ಲಿ ನಾವು ಹಣವನ್ನು ಬೇರೆ ಬೇರೆ ಖಾತೆಗಳಲ್ಲಿ ಬರೆದಿಟ್ಟುಕೊಂಡು, ಒಂದರದನ್ನು ಇನ್ನೊಂದಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ನಮ್ಮ ಮನೆಗಳಿಗೆ ಇದು ಹೊಸ ಸಂಗತಿಯಲ್ಲ. ಅರಿಸಿನದ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದಿಟ್ಟ ತಿರುಪತಿಯ ಮುಡಿಪನ್ನು, ನೆರೆಮನೆಯಲ್ಲಿ ಕೈಸಾಲ ಬೇಡುವ ದಿನ ಬಂದರೂ ಯಾರೂ ಬಿಚ್ಚುವುದಿಲ್ಲ. ಗೃಹಿಣಿಯು ಸಾಸಿವೆ ಡಬ್ಬದಲ್ಲಿ ಕೂಡಿಟ್ಟ ಹಣವೂ ಹಾಗೆಯೇ. ಯಜಮಾನನಿಗೆ ಅದರ ಸುಳಿವು ಗೊತ್ತಿದ್ದರೂ ಗೊತ್ತಿಲ್ಲದಂತೆ ಇರುವುದು ಸಂಸಾರದ ಮರ್ಯಾದೆ. ಖಾತೆಗಳನ್ನು ಬೇರೆಯಿಡುವುದು ಅವಿವೇಕವೆಂದು ನಾವು ಹೇಳಲಾರೆವು. ಎಷ್ಟೋ ಮನೆಗಳನ್ನು ಕಷ್ಟಕಾಲದಲ್ಲಿ ಕಾಪಾಡಿರುವುದು ಆ ಡಬ್ಬವೇ.

ಕೇಡು ಬರುವುದು ಬೇರೆ ಕಡೆಯಿಂದ. ಮನೆಯ ಸರವೊಂದು ಇಪ್ಪತ್ತು ಸಾವಿರಕ್ಕೆ, ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿಯಂತೆ, ಗಿರವಿಯಲ್ಲಿದೆಯೆನ್ನೋಣ. ಅಷ್ಟೇ ಮೊತ್ತದ ಬೋನಸ್ಸು ದೀಪಾವಳಿಗೆ ಬರುತ್ತದೆ. ಸಾಲವು ಸಂಬಳದ ಖಾತೆಗೆ ಸೇರಿದ್ದು, ಬೋನಸ್ಸು ಹಬ್ಬದ ಖಾತೆಗೆ. ಎರಡಕ್ಕೂ ಭೇಟಿಯೇ ಆಗುವುದಿಲ್ಲ. ಹಬ್ಬ ಕಳೆಯುತ್ತದೆ, ಸರವು ಅಲ್ಲಿಯೇ ಉಳಿಯುತ್ತದೆ, ವರ್ಷಕ್ಕೆ 2,400 ರೂಪಾಯಿ ಬಡ್ಡಿ ಸಲ್ಲುತ್ತಲೇ ಇರುತ್ತದೆ.

ಇಷ್ಟಕ್ಕೂ ಬೋನಸ್ಸು ನಿಜವಾಗಿ ಅಯಾಚಿತ ಧನವೇ? ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮುಂಬಯಿಯ ಗಿರಣಿ ಮಾಲಿಕರು ಕೊಡತೊಡಗಿದಾಗ ಅದು ಅವರ ಔದಾರ್ಯವೆನಿಸಿತ್ತು. ಕೆಲವು ವರ್ಷ ತಪ್ಪದೆ ಬಂದಮೇಲೆ ಕೆಲಸಗಾರರು ಅದನ್ನು ಕೂಲಿಯಲ್ಲಿಯೇ ಎಣಿಸಿದರು. ನಿಂತುಹೋದಾಗ 1924 ರಲ್ಲಿ ಮುಷ್ಕರ ಹೂಡಿದರು. ವಿಚಾರಣಾ ಸಮಿತಿಯು ಅವರಿಗೆ ನ್ಯಾಯಬದ್ಧವಾದ ಹಕ್ಕಿಲ್ಲವೆಂದಿತು. ಆ ಹಕ್ಕು ಶಾಸನದಲ್ಲಿ ಬಂದದ್ದು 1965 ರಲ್ಲಿ. ಶಾಸನಕ್ಕೆ ಒಳಪಟ್ಟ ನೌಕರರಿಗೆ ಇಂದು ಸಲ್ಲತಕ್ಕ ಕನಿಷ್ಠ ಬೋನಸ್ಸು ಲೆಕ್ಕಕ್ಕೆ ಹಿಡಿದ ವೇತನದ ನೂರಕ್ಕೆ 8.33, ಅಂದರೆ ಹೆಚ್ಚುಕಡಿಮೆ ಹನ್ನೆರಡನೆಯ ಒಂದು ಪಾಲು. ಅದನ್ನು ತಿಂಗಳು ತಿಂಗಳಿಗೆ ಹಂಚಿ ಕೊಟ್ಟಿದ್ದರೆ ಅಕ್ಕಿಬೇಳೆಯಲ್ಲಿ ಕರಗಿಹೋಗುತ್ತಿತ್ತು. ಯಾರೂ ಅದನ್ನು ಲಾಭವೆನ್ನುತ್ತಿರಲಿಲ್ಲ. ಒಟ್ಟಿಗೆ, ಬೇರೊಂದು ಹೆಸರಿನಲ್ಲಿ ಬರುವುದರಿಂದ ಅದಕ್ಕೆ ಉಡುಗೊರೆಯ ಮುಖ ಬಂದಿದೆ. ಕೆಲವು ಮನೆಗಳಲ್ಲಿ, ಬರುವುದೆಂದು ತಿಳಿದ ಹಣಕ್ಕೆ ಅದು ಬರುವ ಮೊದಲೇ ಕುಳಿತು ಹೆಸರಿಡುತ್ತಾರೆ: ಇಷ್ಟು ಗಿರವಿಗೆ, ಇಷ್ಟು ಶಾಲೆಯ ಫೀಜಿಗೆ, ಇಷ್ಟು ಹಬ್ಬಕ್ಕೆ. ಹಣವು ಕಣ್ಣಮುಂದೆ ಇರುವಾಗ ಈ ಮಾತುಕತೆ ಇಷ್ಟು ಸಲೀಸಾಗಿ ನಡೆಯುವುದನ್ನು ನಾವು ಕಂಡಿಲ್ಲ.