ಅರೆತಲೆನೋವು ನೆಪವಲ್ಲ, ಕಾಯಿಲೆ



"ಸಭೆಗೆ ಬಾ ಅಂದ್ರೆ ಸಾಕು, ಅವಳಿಗೆ ತಲೆನೋವು ಬರುತ್ತೆ." ಸ್ವಸಹಾಯ ಸಂಘಗಳಲ್ಲಿ ಇಂಥ ಮಾತು ಕೇಳಿಬರುವುದುಂಟು. ಆದರೆ ತಲೆಯ ಒಂದು ಪಕ್ಕ ಸಿಡಿಯುವುದು, ಬೆಳಕು, ಸದ್ದು ಸಹಿಸಲಾಗದಿರುವುದು, ಹೊಟ್ಟೆ ತೊಳೆಸಿ ವಾಂತಿಯಾಗುವುದು, 4 ಗಂಟೆಯಿಂದ 3 ದಿನದವರೆಗೂ ಕಾಡುವುದು ಮೈಗ್ರೇನ್‌ನ ಲಕ್ಷಣ. ಇದು ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು.

ನೋವು ಎಲ್ಲಿಂದ ಬರುತ್ತದೆ?

ಮಿದುಳಿಗೆ ಸ್ವತಃ ನೋವು ತಿಳಿಯುವುದಿಲ್ಲ. ಅದರ ಹೊದಿಕೆಗೂ ಅಲ್ಲಿನ ರಕ್ತನಾಳಗಳಿಗೂ ತಿಳಿಯುತ್ತದೆ. ಈ ರಕ್ತನಾಳಗಳ ಗೋಡೆಯಲ್ಲಿ 'ಗ್ರಾಹಕ'ಗಳಿವೆ. ಇವನ್ನು ಬೀಗ ಎಂದುಕೊಳ್ಳಿ. ನರಗಳು ಬಿಡುವ ರಾಸಾಯನಿಕಗಳೇ ಬೀಗದ ಕೈ. ತಕ್ಕ ಕೈ ಹಾಕಿದರೆ ಮಾತ್ರ ಬೀಗ ತೆರೆಯುತ್ತದೆ.

ಮೈಗ್ರೇನ್ ಬಂದಾಗ ಟ್ರೈಜಮಿನಲ್ ಎಂಬ ನರದ ತುದಿಗಳು ಸಿಜಿಆರ್‌ಪಿ ಎಂಬ ರಾಸಾಯನಿಕವನ್ನು ಬಿಡುತ್ತವೆ. ಅದು ತನ್ನ ಗ್ರಾಹಕದಲ್ಲಿ ಕೂತಾಗ ರಕ್ತನಾಳ ಹಿಗ್ಗುತ್ತದೆ, ನೋವು ಜೋರಾಗುತ್ತದೆ. ನಾಳ ಹಿಗ್ಗುವುದೊಂದೇ ಕಾರಣ ಎಂದು ಹಿಂದೆ ತಿಳಿದಿದ್ದರು. ಮಿದುಳು ಮತ್ತು ನರಗಳಲ್ಲೇ ಕಾಯಿಲೆ ಮೊದಲಾಗುತ್ತದೆ ಎಂಬುದು ಈಗಿನ ತಿಳಿವಳಿಕೆ.

ಸೆರೊಟೊನಿನ್ ಎಂಬ ಇನ್ನೊಂದು ರಾಸಾಯನಿಕಕ್ಕೂ ಇಲ್ಲಿ ಗ್ರಾಹಕಗಳಿವೆ. ರಕ್ತನಾಳದಲ್ಲಿರುವ '1ಬಿ' ಗ್ರಾಹಕ ನಾಳವನ್ನು ಕುಗ್ಗಿಸುತ್ತದೆ. ನರದ ತುದಿಯಲ್ಲಿರುವ '1ಡಿ' ಸಿಜಿಆರ್‌ಪಿ ಹೊರಬರುವುದನ್ನು ತಡೆಯುತ್ತದೆ. 1991ರಲ್ಲಿ ಬಳಕೆಗೆ ಬಂದ ಸುಮಾಟ್ರಿಪ್ಟಾನ್ ಈ ಎರಡೂ ಬೀಗಗಳಿಗೆ ಹೊಂದುವ ಕೈ. ಸಿಜಿಆರ್‌ಪಿಯನ್ನೇ ತಡೆಯುವ ಇಂಜೆಕ್ಷನ್‌ಗಳು 2018ರಿಂದ ಬಂದಿವೆ. ಈ ಸಂಶೋಧನೆಗಾಗಿ ನಾಲ್ವರು ವಿಜ್ಞಾನಿಗಳಿಗೆ 2021ರಲ್ಲಿ 'ಬ್ರೇನ್ ಪ್ರೈಜ್' ದೊರೆಯಿತು.

ಎಚ್ಚರಿಕೆ ಇರಲಿ

• '1ಬಿ' ಗ್ರಾಹಕ ಹೃದಯದ ರಕ್ತನಾಳಗಳಲ್ಲೂ ಇದೆ. ಆದ್ದರಿಂದ ಹೃದಯರೋಗ, ಪಾರ್ಶ್ವವಾಯು ಆದವರು, ಬಿ.ಪಿ. ಹತೋಟಿಯಲ್ಲಿಲ್ಲದವರು ಸುಮಾಟ್ರಿಪ್ಟಾನ್ ತೆಗೆದುಕೊಳ್ಳಬಾರದು. "ಅಕ್ಕನಿಗೆ ವಾಸಿಯಾಯ್ತು, ನಂಗೂ ಆಗುತ್ತೆ" ಎಂದು ಒಬ್ಬರ ಮಾತ್ರೆ ಇನ್ನೊಬ್ಬರು ನುಂಗಬೇಡಿ.

• ಮೆಡಿಕಲ್ ಶಾಪಿನ ಸಾಧಾರಣ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಸುಮಾಟ್ರಿಪ್ಟಾನ್‌ನಂಥದನ್ನು 10 ದಿನ ಅಥವಾ ಹೆಚ್ಚು ತೆಗೆದುಕೊಳ್ಳುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಹೆಚ್ಚುತ್ತದೆ. ಪದೇ ಪದೇ ನೋವು ಬರುವವರಿಗೆ ಅದು ಬಾರದಂತೆ ತಡೆಯುವ ಬೇರೆ ಔಷಧಿಗಳಿವೆ. ವೈದ್ಯರನ್ನು ಕೇಳಿ.

• ಊಟ, ನಿದ್ದೆ ತಪ್ಪಿಸಬೇಡಿ. ತಪಸ್ಸು ಕಾಲದಲ್ಲೂ ಕಾಯಿಲೆಯವರಿಗೆ ಉಪವಾಸದ ಕಡ್ಡಾಯವಿಲ್ಲ.

• ಹಠಾತ್ತನೆ ಹಿಂದೆಂದೂ ಕಾಣದಂಥ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನೋವು ಬಂದ ದಿನ, ಅಂದು ತಿಂದದ್ದು, ತೆಗೆದುಕೊಂಡ ಮಾತ್ರೆ, ಮುಟ್ಟಿನ ದಿನಗಳು ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ಮುಂದಿನ ಸಭೆಗೆ ಯಾರಾದರೂ ತಲೆನೋವೆಂದು ಬಾರದಿದ್ದರೆ ನಗಬೇಡಿ. ಅವರ ಮನೆಗೆ ಹೋಗಿ, "ಡಾಕ್ಟರ್ ಹತ್ರ ಹೋಗೋಣ ಬಾ, ನಾನೂ ಬರ್ತೀನಿ" ಅನ್ನಿ. ನೆರೆಯವರನ್ನು ಪ್ರೀತಿಸುವುದು ಎಂದರೆ ಇದೂ ಹೌದು.